ಟೂಲ್‌ಬಾರ್‌ನ ಪ್ರಶ್ನೆ ಗುರುತು: ಟೈನಿಎಂಸಿಇ ಹೆಲ್ಪ್ ಪ್ಲಗಿನ್ ಬಳಸಿ ನೋಡಿದ್ದು

ವೆಬ್ ಎಡಿಟರ್‌ಗಳ ಟೂಲ್‌ಬಾರ್ ಕೊನೇಲಿ ಒಂದು ವೃತ್ತದೊಳಗೆ ಪ್ರಶ್ನೆ ಗುರುತು ಇರುತ್ತಲ್ಲ, ಅದನ್ನ ಯಾರಾದ್ರೂ ಒತ್ತಿದ್ದು ನೋಡಿದೀರಾ? ಹತ್ತು ವರ್ಷದಿಂದ ಸಣ್ಣಪುಟ್ಟ ವೆಬ್‌ಸೈಟ್ ಮಾಡ್ಕೊಂಡು ಬಂದಿರೋ ನಾನೇ ಒತ್ತಿರಲಿಲ್ಲ. ಎಷ್ಟೋ ಸಲ ಕಾನ್ಫಿಗರೇಶನ್‌ನಿಂದ ಅದನ್ನ ತೆಗೆದೇ ಹಾಕ್ತಿದ್ದೆ, ಸುಮ್ನೆ ಜಾಗ ತಿನ್ನುತ್ತೆ ಅಂತ. ಹೋದ ವರ್ಷ ಮಲೆನಾಡಿನ ಒಂದು ಸಣ್ಣ ಪತ್ರಿಕೆಯವರು ಸೈಟ್ ಮಾಡ್ಸಿಕೊಂಡ್ರು, ಊರೂರಿನ ಬರಹಗಾರರು ತಾವೇ ಲಾಗಿನ್ ಆಗಿ ವರದಿ, ಕವನ, ಪ್ರಬಂಧ ಟೈಪ್ ಮಾಡಿ ಹಾಕೋ ವ್ಯವಸ್ಥೆ, ಅದಕ್ಕೆ ಟೈನಿಎಂಸಿಇ 7 ಹಾಕಿದೆ, ವೆಬ್ ಪೇಜ್ ಒಳಗೇ ಬರಹ ಟೈಪ್ ಮಾಡಿ ತಿದ್ದೋಕೆ ಇರೋ ಎಡಿಟರ್ ಅದು. ಸೈಟ್ ಶುರುವಾಗಿ ಎರಡನೇ ದಿನದಿಂದ ರಾತ್ರಿ ಊಟಕ್ಕೆ ಕೂತಾಗ ಫೋನು. ಆ ಫೋನ್ ಕಾಟ ತಪ್ಪಿಸ್ಕೊಳ್ಳೋಕೆ ಹೋಗಿ ಈ ಪ್ರಶ್ನೆ ಗುರುತಿನ ಪರಿಚಯ ಆಗಿದ್ದು. ಒಂದು ವರ್ಷ ಓಡಿಸಿದೀನಿ, ಈಗ ರಿವ್ಯೂ ಬರೆದ್ರೆ ತಪ್ಪಿಲ್ಲ ಅನ್ಸುತ್ತೆ.

ಮೊದಲು ಅದು ಹೆಂಗಿರುತ್ತೆ ಹೇಳ್ತೀನಿ. ಕಾನ್ಫಿಗರೇಶನ್‌ನ ಪ್ಲಗಿನ್ (ಎಡಿಟರ್‌ಗೆ ಸೇರಿಸೋ ಹೆಚ್ಚುವರಿ ತುಣುಕು) ಪಟ್ಟೀಲಿ ಹೆಲ್ಪ್ ಅಂತ ಸೇರಿಸಿ, ಟೂಲ್‌ಬಾರ್‌ನಲ್ಲೂ ಹೆಲ್ಪ್ ಅಂತ ಬರೆದ್ರೆ ಗುಂಡಿ ಬರುತ್ತೆ. ಒತ್ತಿದ್ರೆ ಒಂದು ಡೈಲಾಗ್, ಎಡಗಡೆ ಟ್ಯಾಬ್‌ಗಳು, ಬಲಗಡೆ ವಿಷಯ. ಆಲ್ಟ್ ಹಿಡಿದು ಸೊನ್ನೆ ಒತ್ತಿದ್ರೂ ಅದೇ ಬರುತ್ತೆ, ಮ್ಯಾಕ್‌ನಲ್ಲಿ ಆಪ್ಶನ್ ಮತ್ತು ಸೊನ್ನೆ. ಏನೂ ಮುಟ್ಟದೆ ಬಿಟ್ರೆ ನಾಲ್ಕು ಟ್ಯಾಬ್ ಇರುತ್ತೆ: ಶಾರ್ಟ್‌ಕಟ್‌ಗಳು, ಮೌಸ್ ಇಲ್ಲದೆ ಕೀಬೋರ್ಡ್‌ನಲ್ಲೇ ಓಡಾಡೋದು ಹೆಂಗೆ ಅನ್ನೋದು, ಯಾವ್ಯಾವ ಪ್ಲಗಿನ್ ಹಾಕಿದೆ ಅನ್ನೋದು, ಆಮೇಲೆ ವರ್ಶನ್ ನಂಬರ್. ಎಲ್ಲಾ ಇಂಗ್ಲಿಷ್.

ಈಗ ನಮ್ಮ ಬಳಕೆದಾರರನ್ನ ನೋಡಿ. ಅವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಕನ್ನಡ ಪಾಠ ಮಾಡಿದೋರು, ಎಪ್ಪತ್ತರ ಹತ್ರ ವಯಸ್ಸು, ನುಡಿ ಕೀಬೋರ್ಡ್‌ನಲ್ಲಿ ಟೈಪ್ ಮಾಡೋಕೆ ಕೂತ್ರೆ ನಮ್ಮಂಥೋರು ನಾಚ್ಕೋಬೇಕು, ಅಷ್ಟು ಸ್ಪೀಡು. ಅವರು ಕಷ್ಟಪಟ್ಟು ಆ ಗುಂಡಿ ಒತ್ತಿದಾರೆ, ಪ್ಲಗಿನ್ ಟ್ಯಾಬ್ ತೆರೆದಿದಾರೆ, ಅಲ್ಲಿ ಹಾಕಿರೋ ಪ್ಲಗಿನ್‌ಗಳ ಹೆಸರು, ಜೊತೆಗೆ ದುಡ್ಡು ಕೊಟ್ರೆ ಸಿಗೋ ಪ್ಲಗಿನ್‌ಗಳ ಹೆಸರು. ನನಗೆ ಫೋನ್ ಮಾಡಿ, "ಅಲ್ಲಪ್ಪಾ, ಸಹಾಯ ಕೇಳಿದ್ರೆ ಅಂಗಡಿ ಪಟ್ಟಿ ತೋರಿಸ್ತಿದೆಯಲ್ಲೋ" ಅಂದ್ರು. ನಾನು "ಮೇಷ್ಟ್ರೇ ಅದು ನಿಮಗಲ್ಲ, ನಮ್ಮಂಥೋರಿಗೆ" ಅಂದೆ. "ಮತ್ತೆ ನಮಗೆ ಯಾವುದು?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಡಾಕ್ಯುಮೆಂಟೇಶನ್ ತೆಗೆದು ಕೂತೆ. ಹೆಲ್ಪ್ ಟ್ಯಾಬ್ಸ್ ಅಂತ ಒಂದು ಆಪ್ಶನ್ ಇದೆ, ಎರಡು ಪದದ ನಡುವೆ ಅಂಡರ್‌ಸ್ಕೋರ್. ಅದಕ್ಕೊಂದು ಪಟ್ಟಿ ಕೊಡ್ಬೇಕು. ಆ ಪಟ್ಟೀಲಿ ಯಾವ ಟ್ಯಾಬ್ ಹೆಸರು ಬರೀತೀರೋ ಅದಷ್ಟೇ ಕಾಣುತ್ತೆ, ಬರೆದ ಕ್ರಮದಲ್ಲೇ ಕಾಣುತ್ತೆ. ಪ್ಲಗಿನ್ ಟ್ಯಾಬ್ ಬೇಡ್ವಾ, ಹೆಸರು ಬರೀಬೇಡಿ, ಮುಗೀತು. ಅದೇ ಪಟ್ಟಿ ನಡುವೆ ನಿಮ್ಮ ಸ್ವಂತ ಟ್ಯಾಬ್ ಕೂಡ ಸೇರಿಸಬಹುದು: ಒಳಗಿನ ಬಳಕೆಗೆ ಒಂದು ಹೆಸರು, ತೋರಿಸೋಕೆ ಒಂದು ತಲೆಬರಹ, ಆಮೇಲೆ ಒಳಗೆ ಏನಿರಬೇಕು ಅನ್ನೋದು. ಒಳಗಿನ ವಿಷಯ ಎಚ್‌ಟಿಎಂಎಲ್ ಪ್ಯಾನೆಲ್ ಆಗಿರಬಹುದು, ಅಂದ್ರೆ ಪ್ಯಾರಾ, ಲಿಂಕು, ಚಿತ್ರ ಏನು ಬೇಕಾದ್ರೂ, ಇಲ್ಲಾಂದ್ರೆ ಟೇಬಲ್ ಅಂತ ಕೊಟ್ಟು ಬರೀ ಸಾಲುಗಳನ್ನ ಕೊಟ್ರೆ ಅದೇ ನೀಟಾಗಿ ಕೋಷ್ಟಕ ಮಾಡಿಕೊಡುತ್ತೆ. ನನಗೆ ಈ ಎರಡನೇದು ಜಾಸ್ತಿ ಇಷ್ಟ ಆಯ್ತು, ಟ್ಯಾಗ್ ಬರೆಯೋ ತಲೆನೋವಿಲ್ಲ.

ಇಷ್ಟು ಹತ್ತು ನಿಮಿಷದ ಕೆಲಸ. ಆ ಟ್ಯಾಬ್ ಒಳಗೆ ಏನು ಬರೀಬೇಕು ಅನ್ನೋದಕ್ಕೆ ಮಾತ್ರ ಮೂರು ವಾರ ಹಿಡೀತು.

ಮೂರು ವಾರ ನಾನು ಮಾಡಿದ್ದು ಇಷ್ಟೇ, ಫೋನ್ ಬಂದಾಗೆಲ್ಲಾ ಕ್ಯಾಲೆಂಡರ್ ಹಿಂದೆ ಪೆನ್ನಲ್ಲಿ ಅವರ ಪ್ರಶ್ನೆ ಬರ್ಕೊಂಡೆ. ಅದೇ ಪ್ರಶ್ನೆ ಮತ್ತೆ ಬಂದ್ರೆ ಪಕ್ಕದಲ್ಲಿ ಒಂದು ಗೀಟು. ಬೋಲ್ಡ್ ಮಾಡೋದು ಹೆಂಗೆ ಅಂತ ಒಬ್ಬರೂ ಕೇಳಲಿಲ್ಲ ನೋಡಿ, ಆ ಡೈಲಾಗ್‌ನ ಶಾರ್ಟ್‌ಕಟ್ ಪಟ್ಟಿ ಶುರುವಾಗೋದೇ ಅದರಿಂದ! ಅತಿ ಹೆಚ್ಚು ಗೀಟು ಬಿದ್ದಿದ್ದು ಪೇಸ್ಟ್ ಮಾಡೋದಕ್ಕೆ. ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿಟ್ಟ ಫೈಲುಗಳು ಎಲ್ಲರ ಹತ್ರಾನೂ ರಾಶಿ ಇದಾವೆ, ಯೂನಿಕೋಡ್ ಅಲ್ಲದ ಫಾಂಟು, ಅದನ್ನ ವರ್ಡ್‌ನಿಂದ ಕಾಪಿ ಮಾಡಿ ಎಡಿಟರ್‌ಗೆ ಹಾಕಿದ್ರೆ "ಕನ್ನಡ" ಅನ್ನೋ ಪದ ಒಂದು ದೊಡ್ಡ ಪಿ, ತಲೆ ಮೇಲೆ ಗೆರೆ ಇರೋ ಎ, ನಡುವೆ ಒಂದು ಪೌಂಡ್ ಚಿಹ್ನೆ, ಹಿಂಗೆಲ್ಲಾ ಆಗಿ ಕೂರುತ್ತೆ. ನೋಡಿದೋರು ವೈರಸ್ ಬಂತು ಅಂತ ಹೆದರ್ತಾರೆ. ಇದಕ್ಕೆ ಎಡಿಟರ್ ಏನೂ ಮಾಡೋಕಾಗಲ್ಲ, ಮೊದಲು ಯೂನಿಕೋಡ್‌ಗೆ ಪರಿವರ್ತನೆ ಮಾಡಿ ಆಮೇಲೆ ಪೇಸ್ಟ್ ಮಾಡ್ಬೇಕು ಅಷ್ಟೇ. ಇದು ನಮ್ಮ ಮೊದಲನೇ ಟ್ಯಾಬ್ ಆಯ್ತು, ಪರಿವರ್ತಕದ ಲಿಂಕ್ ಸಮೇತ. ತಲೆಬರಹ: "ಪೇಸ್ಟ್ ಮಾಡಿದ್ದು ಕಲಸುಮೇಲೋಗರ ಆಯ್ತಾ?"

ಎರಡನೇದು ಕವಿಗಳದ್ದು. ಎಂಟರ್ ಒತ್ತಿದ್ರೆ ಹೊಸ ಪ್ಯಾರಾ ಆಗುತ್ತೆ, ಕವನದ ಪ್ರತೀ ಸಾಲಿನ ನಡುವೆ ಒಂದು ಗದ್ದೆ ಅಗಲದ ಜಾಗ ಬಿಟ್ಕೊಳ್ಳುತ್ತೆ. ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು, ಪದ್ಯದ ನುಡಿ ಮುಗಿದಾಗ ಮಾತ್ರ ಬರೀ ಎಂಟರ್. ಒಂದೇ ಸಾಲಿನ ಉತ್ತರ. ಆದ್ರೆ ಇದನ್ನ ನಾನು ಎಷ್ಟು ಸಲ ಫೋನಲ್ಲಿ ಹೇಳಿದೀನಿ ಅಂದ್ರೆ ನಮ್ಮನೆಯೋಳು ಅಡುಗೆಮನೆಯಿಂದಾನೇ "ಶಿಫ್ಟ್ ಎಂಟರ್ ಅಂತ ಹೇಳ್ರೀ" ಅಂತಿದ್ಲು.

ಮೂರನೇದು ಸ್ವಲ್ಪ ನಾಜೂಕಿನದು, ಇದರ ಬಗ್ಗೆ ನಾಲ್ಕು ಮಾತು ಜಾಸ್ತೀನೇ ಬರೀತೀನಿ. "ಸಾಫ್ಟ್‌ವೇರ್" ಅಂತ ಬರೆಯೋಕೆ ಹೋದ್ರೆ "ಸಾಫ್ಟ್ವೇರ್" ಅಂತ ಬರುತ್ತೆ, "ಪೋಸ್ಟ್‌ಮ್ಯಾನ್" ಹೋಗಿ "ಪೋಸ್ಟ್ಮ್ಯಾನ್" ಆಗುತ್ತೆ, ಒತ್ತಕ್ಷರ ಕೆಳಗೆ ಇಳಿದು ಗಂಟು ಬೀಳುತ್ತೆ. ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಹಾಕಿದ್ರೆ ಬಿಡಿಸ್ಕೊಳ್ಳುತ್ತೆ, ಝಡ್‌ಡಬ್ಲ್ಯುಎನ್‌ಜೆ ಅಂತ ಅದರ ಹೆಸರು. ಒಂದೊಂದು ಕೀಬೋರ್ಡ್‌ನಲ್ಲಿ ಅದು ಒಂದೊಂದು ಕಡೆ ಇರುತ್ತೆ, ಫೋನ್ ಕೀಬೋರ್ಡ್‌ನಲ್ಲಿ ಹುಡುಕೋದು ದೇವರಿಗೇ ಪ್ರೀತಿ. ಹಾಗಾಗಿ ಟೂಲ್‌ಬಾರ್‌ಗೆ ಒಂದು ಸ್ವಂತ ಬಟನ್ ಸೇರಿಸಿದೆ, ಒತ್ತಿದ್ರೆ ಕರ್ಸರ್ ಇದ್ದಲ್ಲಿ ಆ ಅಕ್ಷರ ಹಾಕುತ್ತೆ, ಬಟನ್ ಹೆಸರು "ಬಿಡಿಸು". ಒಂದು ಶಾರ್ಟ್‌ಕಟ್ ಕೂಡ ಕೊಟ್ಟೆ. ಆದ್ರೆ ನಾವು ಸೇರಿಸಿದ ಶಾರ್ಟ್‌ಕಟ್ ಹೆಲ್ಪ್ ಡೈಲಾಗ್‌ನ ಶಾರ್ಟ್‌ಕಟ್ ಟ್ಯಾಬ್‌ಗೆ ತಾನಾಗೇ ಬಂದು ಕೂರಲ್ಲ, ಆ ಪಟ್ಟಿ ಮೊದಲೇ ಬರೆದಿಟ್ಟಿದ್ದು. ನಾನು ಅದು ಬರುತ್ತೆ ಅಂತ ಅಂದ್ಕೊಂಡು ಕಾಯ್ತಾ ಕೂತಿದ್ದೆ. ಕೊನೆಗೆ ಆ ಟ್ಯಾಬನ್ನೇ ಪಟ್ಟಿಯಿಂದ ಕೈಬಿಟ್ಟು, ನಮಗೆ ಬೇಕಾದ ಏಳು ಶಾರ್ಟ್‌ಕಟ್ ಮಾತ್ರ ಇರೋ ಸ್ವಂತ ಟೇಬಲ್ ಮಾಡಿದೆ. ಏಳೇ ಏಳು.

ಪ್ಲಗಿನ್ ಟ್ಯಾಬ್ ಉಳಿಸ್ಕೊಳ್ಳೋರಿಗೆ ಒಂದು ಮಾತು: ನೀವೇ ಪ್ಲಗಿನ್ ಬರೆದಿದ್ರೆ ಅದರೊಳಗೆ ಗೆಟ್‌ಮೆಟಾಡೇಟಾ ಅನ್ನೋ ಫಂಕ್ಷನ್‌ನಿಂದ ಹೆಸರು ಮತ್ತು ಲಿಂಕ್ ವಾಪಸ್ ಕೊಡಿ, ಆಗ ಡೈಲಾಗ್‌ನಲ್ಲಿ ಸರಿಯಾದ ಹೆಸರು ಬರುತ್ತೆ. ಡೆವಲಪರ್ ಟೀಮ್ ಇರೋ ಕಡೆ ಇದು ಉಪಯೋಗ, ನಮ್ಮ ಪತ್ರಿಕೆಗೆ ಏನೂ ಇಲ್ಲ.

ವಿವರಣೆ ಹೆಂಗೆ ಬರೀಬೇಕು ಅನ್ನೋದನ್ನ ನಾನು ಕದ್ದಿದ್ದು ವಿಕಿಪೀಡಿಯಾದಿಂದ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿ ಮೂಲ ಬರಹ ತಿದ್ದೋ ಎಡಿಟರ್‌ನ ಟೂಲ್‌ಬಾರ್‌ನಲ್ಲೂ ಸಹಾಯ ಅಂತ ಒಂದು ಭಾಗ ಇರುತ್ತೆ, ಒತ್ತಿದ್ರೆ ಕೆಳಗೆ ಬಿಚ್ಕೊಳ್ಳುತ್ತೆ. ಅದರಲ್ಲಿ ಮೂರು ಕಾಲಂ: ಯಾವ ಕೆಲಸಕ್ಕೆ, ನೀವು ಏನು ಟೈಪ್ ಮಾಡ್ಬೇಕು, ಅದು ಹೆಂಗೆ ಕಾಣುತ್ತೆ. ಎಷ್ಟು ಹಳೇ ಐಡಿಯಾ, ಎಷ್ಟು ಸಲೀಸು! ಉದ್ದುದ್ದ ಪ್ಯಾರಾ ಬರೆದ್ರೆ ಯಾರೂ ಓದಲ್ಲ, ಮೂರು ಕಾಲಂ ಇದ್ರೆ ಕಣ್ಣು ತಾನಾಗೇ ಓಡುತ್ತೆ. ಮತ್ತೆ ಅಲ್ಲಿ ಇನ್ನೊಂದು ಅನುಕೂಲ ಏನಂದ್ರೆ ಆ ಸಹಾಯ ಟೂಲ್‌ಬಾರ್ ಕೆಳಗೇ ಬಿಚ್ಕೊಂಡಿರುತ್ತೆ, ಪರದೆ ಮುಚ್ಚಲ್ಲ, ನೋಡ್ತಾ ನೋಡ್ತಾ ಟೈಪ್ ಮಾಡಬಹುದು. ಟೈನಿಎಂಸಿಇದು ಹಾಗಲ್ಲ, ಡೈಲಾಗ್ ತೆರೆದಿದ್ರೆ ಹಿಂದಿನ ಎಡಿಟರ್ ಮುಟ್ಟೋಕಾಗಲ್ಲ. ಓದು, ಮುಚ್ಚು, ನೆನಪಿಟ್ಕೋ, ಟೈಪ್ ಮಾಡು. ಎರಡು ಹೆಜ್ಜೆಯ ಕೆಲಸಕ್ಕೆ ಪರ್ವಾಗಿಲ್ಲ, ಐದು ಹೆಜ್ಜೆಯದಕ್ಕೆ ಕಷ್ಟ.

ಇನ್ನು ಕನ್ನಡ ಮಾಡೋ ಕಥೆ. ನಮ್ಮ ಸ್ವಂತ ಟ್ಯಾಬ್‌ಗಳನ್ನ ನೇರವಾಗಿ ಕನ್ನಡದಲ್ಲೇ ಬರೆದಿದ್ದಾಯ್ತು, ಆದ್ರೆ ಡೈಲಾಗ್‌ನ ತಲೆಬರಹ, ಮುಚ್ಚೋ ಬಟನ್, ಟೂಲ್‌ಬಾರ್ ಮೇಲೆ ಮೌಸ್ ಇಟ್ರೆ ಬರೋ ಹೆಸರು, ಇವೆಲ್ಲ ಇಂಗ್ಲಿಷ್‌ನಲ್ಲೇ ಉಳೀತಾವೆ. ಅದಕ್ಕೆ ಭಾಷಾ ಫೈಲ್ ಮಾಡ್ಬೇಕು: ಎಡಗಡೆ ಇಂಗ್ಲಿಷ್ ಮೂಲ ಪದ, ಬಲಗಡೆ ಕನ್ನಡ, ಕನ್ನಡಕ್ಕೆ ಕೆಎನ್ ಅನ್ನೋ ಕೋಡ್. ಎಡಗಡೆಯದು ಅವರು ಬಳಸಿರೋ ಥರಾನೇ ಇರಬೇಕು, ನಾನು ಒಂದು ಕಡೆ ಎರಡು ಪದದ ನಡುವೆ ಜಾಗ ಬಿಡೋಕೆ ಮರೆತು ಅರ್ಧ ಬೆಳಿಗ್ಗೆ ಕಳ್ಕೊಂಡೆ. ಅನುವಾದಕ್ಕೆ ಮೇಷ್ಟ್ರನ್ನೇ ಕರೆದೆ. ಕೀಬೋರ್ಡ್ ನ್ಯಾವಿಗೇಶನ್‌ಗೆ ನಾನು "ಕೀಲಿಮಣೆ ಸಂಚಾರ" ಅಂತ ಬರೆದಿದ್ದೆ. "ಸಂಚಾರ ಅಂದ್ರೆ ಪೊಲೀಸರು ಹೆಲ್ಮೆಟ್ ಕೇಳೋಕೆ ನಿಂತ ಹಾಗಾಗುತ್ತೆ, ಮೌಸ್ ಇಲ್ಲದೆ ಕೆಲಸ ಅಂತ ಬರಿ" ಅಂದ್ರು. ಶಾರ್ಟ್‌ಕಟ್‌ಗೆ ಏನು ಅಂತ ಕೇಳಿದೆ, ಅವರು ಒಂದು ನಿಮಿಷ ಯೋಚ್ನೆ ಮಾಡಿ "ಶಾರ್ಟ್‌ಕಟ್" ಅಂದ್ರು. ಕನ್ನಡ ಮೇಷ್ಟ್ರೇ ಒಪ್ಪಿದ ಮೇಲೆ ನಾನ್ಯಾರು.

ಫಾಂಟ್ ವಿಷಯ. ಎಡಿಟರ್ ಒಳಗಿನ ಬರಹಕ್ಕೆ ಕೊಟ್ಟ ಸ್ಟೈಲ್ ಈ ಡೈಲಾಗ್‌ಗೆ ತಾಗಲ್ಲ, ಯಾಕಂದ್ರೆ ಬರಹ ಇರೋದು ಒಂದು ಐಫ್ರೇಮ್ (ಪೇಜ್ ಒಳಗಿನ ಇನ್ನೊಂದು ಪೇಜ್) ಒಳಗೆ, ಡೈಲಾಗ್ ಇರೋದು ಹೊರಗೆ ಪೇಜ್‌ನಲ್ಲಿ. ಇದು ಗೊತ್ತಿಲ್ಲದೆ ಕಂಟೆಂಟ್ ಸಿಎಸ್‌ಎಸ್‌ನಲ್ಲಿ (ಬರಹದ ಸ್ಟೈಲ್ ಬರೆಯೋ ಫೈಲ್) ನೋಟೊ ಸಾನ್ಸ್ ಕನ್ನಡ ಹಾಕಿ, ಹಾಕಿ, ರಿಫ್ರೆಶ್ ಮಾಡಿ ಸಾಕಾಗಿತ್ತು. ಪೇಜ್‌ನ ಸಿಎಸ್‌ಎಸ್‌ನಲ್ಲಿ ಡೈಲಾಗ್‌ನ ಕ್ಲಾಸ್ ಹಿಡಿದು ಫಾಂಟ್ ಕೊಡಿ, ಸಾಲಿನ ಎತ್ತರಾನೂ ಜಾಸ್ತಿ ಮಾಡಿ, 1.7 ಇಟ್ರೆ ಚೆನ್ನಾಗಿ ಕೂರುತ್ತೆ. ಇಂಗ್ಲಿಷ್‌ಗೆ ಅಳತೆ ಮಾಡಿರೋ ಎತ್ತರದಲ್ಲಿ "ಸ್ತ್ರೀ" ಥರದ ಪದ ಬಂದ್ರೆ ಕೆಳಗಿನ ಸಾಲಿನ ಗುಡಿಸು ದೀರ್ಘಕ್ಕೆ ಒತ್ತಕ್ಷರ ಹೋಗಿ ಮುತ್ತಿಡುತ್ತೆ.

ನಾನು ಮಾಡ್ಕೊಂಡ ಇನ್ನೊಂದು ಎಡವಟ್ಟು ಹೇಳಿಬಿಡ್ತೀನಿ, ಬೇರೆಯವರಿಗೆ ಸಮಯ ಉಳಿಯುತ್ತೆ. ಟ್ಯಾಬ್ ವಿಷಯ ಕೋಡ್‌ನಲ್ಲೇ ಬರೆದಿಟ್ರೆ ಪ್ರತೀ ಸಲ ಬದಲಾಯಿಸೋಕೆ ನಾನೇ ಬೇಕು, ಅದರ ಬದಲು ಸಂಪಾದಕರು ಅಡ್ಮಿನ್ ಪೇಜ್‌ನಲ್ಲಿ ತಿದ್ದಿದ್ದು ಡೈಲಾಗ್‌ಗೆ ಬರಲಿ ಅಂತ ಯೋಚ್ನೆ. ಆಡ್‌ಟ್ಯಾಬ್ ಅನ್ನೋ ಫಂಕ್ಷನ್ ಇದೆ, ಎಡಿಟರ್ ಶುರುವಾದ ಮೇಲೂ ಟ್ಯಾಬ್ ಸೇರಿಸಬಹುದು, ಸರ್ವರ್‌ನಿಂದ ವಿಷಯ ತಂದು ಸೇರಿಸಿದೆ. ಟ್ಯಾಬ್ ಬರಲೇ ಇಲ್ಲ. ಎರರ್ರೂ ಇಲ್ಲ. ಒಂದು ಗಂಟೆ ಆದ್ಮೇಲೆ ಹೊಳೀತು, ಹೆಲ್ಪ್ ಟ್ಯಾಬ್ಸ್ ಪಟ್ಟಿ ಕೊಟ್ಟಿದೀವಲ್ಲ, ಆ ಪಟ್ಟೀಲಿ ಈ ಹೊಸ ಟ್ಯಾಬ್ ಹೆಸರೂ ಇರಬೇಕು! ಮದುವೆ ಮನೇಲಿ ಲಿಸ್ಟ್‌ನಲ್ಲಿ ಹೆಸರಿಲ್ಲ ಅಂದ್ರೆ ಊಟಕ್ಕೆ ಕೂರಿಸಲ್ಲ ಅನ್ನೋ ಥರ. ಹೆಸರು ಸೇರಿಸಿದ ತಕ್ಷಣ ಬಂತು. ಅಂದಹಾಗೆ ಈ ಎಚ್‌ಟಿಎಂಎಲ್ ಪ್ಯಾನೆಲ್‌ಗೆ ಹೊರಗಿನಿಂದ ತಂದ ವಿಷಯ ಹಾಕೋವಾಗ ಅದನ್ನ ತೊಳೆದು, ಅಂದ್ರೆ ಅಪಾಯದ ಕೋಡ್ ತೆಗೆದು, ಹಾಕೋ ಜವಾಬ್ದಾರಿ ನಿಮ್ಮದೇ, ಯಾರ್ಯಾರೋ ಬರೆದಿದ್ದನ್ನ ಹಾಗೇ ತುಂಬಬೇಡಿ.

ಕೀಬೋರ್ಡ್‌ನದ್ದು ಒಂದು ಕಿರಿಕಿರಿ ಇದೆ, ತಪ್ಪು ಯಾರದ್ದೂ ಅಲ್ಲ. ತಲೆಬರಹ ಮಾಡೋಕೆ ಆಲ್ಟ್, ಶಿಫ್ಟ್ ಹಿಡಿದು ಅಂಕಿ ಒತ್ತಬೇಕು ಅಂತ ಹೆಲ್ಪ್‌ನಲ್ಲಿ ಬರೆದಿರುತ್ತೆ. ವಿಂಡೋಸ್‌ನಲ್ಲಿ ಕನ್ನಡ, ಇಂಗ್ಲಿಷ್ ಕೀಬೋರ್ಡ್ ಬದಲಾಯಿಸೋಕೂ ತುಂಬಾ ಜನ ಆಲ್ಟ್, ಶಿಫ್ಟ್ ಇಟ್ಕೊಂಡಿರ್ತಾರೆ. ಅಂಕಿ ಒತ್ತೋದಕ್ಕೆ ಮುಂಚೆ ಬೆರಳು ಎತ್ತಿಬಿಟ್ರೆ ತಲೆಬರಹ ಆಗಲ್ಲ, ಭಾಷೆ ಬದಲಾಗಿರುತ್ತೆ, ಮುಂದಿನ ಸಾಲು ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ. ಇದನ್ನ ನೋಡಿದ್ಮೇಲೆ ತಲೆಬರಹದ ಶಾರ್ಟ್‌ಕಟ್ಟೇ ತೆಗೆದು "ಮೇಲಿನ ಪಟ್ಟಿಯಿಂದ ಆರಿಸಿ" ಅಂತ ಬರೆದೆ. ಹಾಗೇ ಟೂಲ್‌ಬಾರ್‌ಗೆ ಹೋಗೋಕೆ ಆಲ್ಟ್ ಮತ್ತು ಎಫ್10 ಅಂತ ಇರುತ್ತೆ, ಎಷ್ಟೋ ಲ್ಯಾಪ್‌ಟಾಪ್‌ನಲ್ಲಿ ಎಫ್10 ಒತ್ತಿದ್ರೆ ಸೌಂಡ್ ಕಮ್ಮಿನೋ ಜಾಸ್ತಿನೋ ಆಗುತ್ತೆ, ಎಫ್‌ಎನ್ ಕೀ ಕೂಡ ಹಿಡೀಬೇಕು, ಅದನ್ನೂ ಬರೀಬೇಕು. ಆದ್ರೆ ಮೌಸ್ ಇಲ್ಲದೆ ಓಡಾಡೋ ಟ್ಯಾಬ್ ಮಾತ್ರ ದಯವಿಟ್ಟು ತೆಗೀಬೇಡಿ. ನಿಮ್ಮ ಸೈಟ್‌ನಲ್ಲಿ ಸ್ಕ್ರೀನ್ ರೀಡರ್ (ಕಣ್ಣು ಕಾಣದೋರಿಗೆ ಪರದೆ ಓದಿ ಹೇಳೋ ಸಾಫ್ಟ್‌ವೇರ್) ಬಳಸೋರು ಯಾರೂ ಇಲ್ಲ ಅಂತ ನಿಮಗೆ ಹೆಂಗೆ ಗೊತ್ತು? ನಾನು ಅದರ ಇಂಗ್ಲಿಷ್ ಪಾಠದ ಜೊತೆಗೆ ಕನ್ನಡದಲ್ಲಿ ಇನ್ನೊಂದು ಟ್ಯಾಬ್ ಬರೆದು ಇಟ್ಟಿದೀನಿ.

ಪ್ರಶ್ನೆ ಗುರುತಿನ ಜಾಗಾನೂ ಮುಖ್ಯ. ಕೊನೇಲಿ ಇಟ್ರೆ ಸಣ್ಣ ಪರದೆಯಲ್ಲಿ ಜಾಗ ಸಾಲದೆ ಮೂರು ಚುಕ್ಕಿ ಹಿಂದೆ ಅವಿತ್ಕೊಳ್ಳುತ್ತೆ. ಸಹಾಯ ಬೇಕಾದೋರಿಗೆ ಸಹಾಯದ ಗುಂಡಿ ಹುಡುಕೋಕೇ ಸಹಾಯ ಬೇಕು! ನಾನು ಎತ್ತಿ ಎಡತುದೀಲಿ ಮೊದಲನೇದಾಗಿ ಇಟ್ಟೆ, ಜೊತೆಗೆ ಪೇಜ್ ಮೇಲೆ ದೊಡ್ಡಕ್ಷರದಲ್ಲಿ "ನೆರವು" ಅಂತ ಒಂದು ಲಿಂಕ್ ಹಾಕಿದೆ, ಎಂಸಿಇಹೆಲ್ಪ್ ಅನ್ನೋ ಕಮಾಂಡ್ ಕರೆದ್ರೆ ಹೊರಗಿನ ಲಿಂಕ್‌ನಿಂದಾನೂ ಅದೇ ಡೈಲಾಗ್ ತೆರೆಯುತ್ತೆ. ಕೆಳಗಿನ ಸ್ಟೇಟಸ್ ಪಟ್ಟೀಲಿ ಆಲ್ಟ್ ಸೊನ್ನೆ ಒತ್ತಿ ಅಂತ ಸೂಚನೆ ಬರುತ್ತಲ್ಲ, ಅದು ಬೇಡ ಅಂದ್ರೆ ಆಫ್ ಮಾಡೋಕೆ ಬೇರೆ ಆಪ್ಶನ್ ಇದೆ, ನಾನು ಇರಲಿ ಅಂತ ಬಿಟ್ಟಿದೀನಿ.

ಬೇರೆ ಎಡಿಟರ್ ಕೇಳೋರಿಗೆ: ಸಿಕೆಎಡಿಟರ್ 5ರಲ್ಲೂ ಆಲ್ಟ್ ಸೊನ್ನೆಗೆ ಒಂದು ಹೆಲ್ಪ್ ಡೈಲಾಗ್ ಬರುತ್ತೆ, ಅದಕ್ಕೆ ನಿಮ್ಮ ಸ್ವಂತ ಶಾರ್ಟ್‌ಕಟ್‌ಗಳನ್ನ ಕೋಡ್‌ನಿಂದ ಸೇರಿಸಬಹುದು, ಆ ಒಂದು ವಿಷಯದಲ್ಲಿ ಅದೇ ಮೇಲು. ಆದ್ರೆ ಅದು ಇರೋದೇ ಕೀಲಿಗಳ ಪಟ್ಟಿಗೆ, ನಮ್ಮ ಪೇಸ್ಟ್ ಪುರಾಣ ಬರೆಯೋಕಲ್ಲ. ಕ್ವಿಲ್‌ನಲ್ಲಿ ಹೆಲ್ಪ್ ಅನ್ನೋದೇ ಇಲ್ಲ, ಪೂರ್ತಿ ನೀವೇ ಕಟ್ಕೋಬೇಕು. ಟೈನಿಎಂಸಿಇಲೂ ಹೆಲ್ಪ್ ಡೈಲಾಗ್ ಅಳತೆ ಸಾಲಲ್ಲ ಅನ್ಸಿದ್ರೆ ಹೆಲ್ಪ್ ಪ್ಲಗಿನ್ ಬಿಟ್ಟು ಸ್ವಂತ ಬಟನ್, ಸ್ವಂತ ಡೈಲಾಗ್ ಮಾಡಬಹುದು, ಅಲ್ಲಿ ದೊಡ್ಡ ಸೈಜ್ ಕೇಳಬಹುದು. ಖರ್ಚಿನ ವಿಷಯ, ಹೆಲ್ಪ್ ಪ್ಲಗಿನ್ ಉಚಿತ ಪ್ಯಾಕೇಜ್‌ನಲ್ಲೇ ಬರುತ್ತೆ, ಆದ್ರೆ 6ನೇ ವರ್ಶನ್ ಎಂಐಟಿ ಲೈಸೆನ್ಸ್‌ನಲ್ಲಿತ್ತು (ಷರತ್ತು ಕಮ್ಮಿ), 7ರಿಂದ ಜಿಪಿಎಲ್ ಆಗಿದೆ (ಷರತ್ತು ಜಾಸ್ತಿ ಇರೋ ಲೈಸೆನ್ಸ್), ನಿಮ್ಮ ಸರ್ವರ್‌ನಲ್ಲೇ ಇಟ್ಕೊಂಡು ಉಚಿತವಾಗಿ ಬಳಸೋದಾದ್ರೆ ಲೈಸೆನ್ಸ್ ಕೀ ಜಾಗದಲ್ಲಿ ಜಿಪಿಎಲ್ ಅಂತ ಬರೀಬೇಕು. ಕಂಪ್ನಿ ಪ್ರಾಡಕ್ಟ್ ಒಳಗೆ ಸೇರಿಸೋರು ಇದನ್ನ ಒಂದ್ಸಲ ಓದ್ಕೊಂಡು ಮುಂದೆ ಹೋಗಿ.

ಫೋನ್ ನಿಂತ್ವಾ? ಪೂರ್ತಿ ನಿಂತಿಲ್ಲ. ವಾರಕ್ಕೆ ಹತ್ತು ಹದಿನೈದು ಬರ್ತಿದ್ದಿದ್ದು ಈಗ ಒಂದೋ ಎರಡೋ. ಬಂದ್ರೂ "ಆ ಎರಡನೇ ಟ್ಯಾಬ್‌ನಲ್ಲಿ ಬರೆದಿದೀಯಲ್ಲ, ಅದು ನನ್ನ ಮೊಬೈಲ್‌ನಲ್ಲಿ" ಅಂತ ಶುರು ಮಾಡ್ತಾರೆ, ಅಂದ್ರೆ ಓದಿ ಫೋನ್ ಮಾಡ್ತಿದಾರೆ.

5ಕ್ಕೆ 4 ಸ್ಟಾರ್ ಕೊಡ್ತೀನಿ. ಒಂದು ಕಡಿಮೆ ಮಾಡಿದ್ದು ಡೈಲಾಗ್ ತೆರೆದಿಟ್ಕೊಂಡು ಟೈಪ್ ಮಾಡೋಕಾಗಲ್ಲ ಅನ್ನೋದಕ್ಕೆ. ಇದಕ್ಕೆ ನಮ್ಮ ಮೇಷ್ಟ್ರು ಅವರದ್ದೇ ಉಪಾಯ ಕಂಡ್ಕೊಂಡಿದಾರೆ. ಒಂದೇ ಲೇಖನವನ್ನ ಬ್ರೌಸರ್‌ನಲ್ಲಿ ಎರಡು ವಿಂಡೋದಲ್ಲಿ ತೆರೀತಾರಂತೆ, ಒಂದರಲ್ಲಿ ನೆರವು ಬಿಚ್ಚಿಟ್ಟು ಪಕ್ಕದ್ದರಲ್ಲಿ ಬರೀತಾರಂತೆ. ಎರಡು ತಿಂಗಳಿಂದ ಅವರ ಲೇಖನ ಮಾತ್ರ ಯಾಕೆ ಡ್ರಾಫ್ಟ್‌ನಲ್ಲಿ ಜೋಡಿ ಜೋಡಿ ಸೇವ್ ಆಗುತ್ತೆ ಅಂತ ಸರ್ವರ್ ಲಾಗ್ ಎಲ್ಲಾ ಜಾಲಾಡ್ತಿದ್ದೆ ನಾನು.